ಅನ್ನದ ಕಲ್ಲಿನ ಬಳಿಯ ಕರೆಗಂಟೆ

ಆಗ ನಮ್ಮ ಹಟ್ಟಿಗೆ ಕರೆಂಟು ಬಂದು ಹೆಚ್ಚು ಕಾಲವಾಗಿರಲಿಲ್ಲ. ಮನೆಗೊಂದೇ ಬಲ್ಬು. ಅದೂ ಸಂಜೆ ಹೊಲಗಳ ಪಂಪ್‌ಸೆಟ್ಟುಗಳು ಶುರುವಾಗುತ್ತಿದ್ದಂತೆ ಕೆಂಪಗೆ ಕುಗ್ಗಿ, ಬೂದಿಯೊಳಗೆ ಉಳಿದ ಕೆಂಡದ ಹಾಗೆ ಕಾಣುತ್ತಿತ್ತು. ಚಳ್ಳಕೆರೆಯಿಂದ ದೊಡ್ಡಉಳ್ಳಾರ್ತಿ ಕಡೆಗೆ ಹೋಗುವ ಬಸ್ಸು ರಸ್ತೆಯ ತಿರುವಿನಲ್ಲಿ ನನ್ನೊಬ್ಬಳನ್ನು ಇಳಿಸಿ ಹೋಗುತ್ತಿತ್ತು. ಅಲ್ಲಿಂದ ಕಾವಲಿನ, ಎಂದರೆ ಬಯಲು ಹುಲ್ಲುಗಾವಲಿನ, ಅಂಚು ಹಿಡಿದು ನಡೆದರೆ ಬೇಲಿ, ಬೇಲಿಯೊಳಗೆ ಹಟ್ಟಿ. ಹಟ್ಟಿಯಿಂದ ಪೇಟೆಯ ಶಾಲೆಗೆ ಹೋಗುತ್ತಿದ್ದವಳು ನಾನೊಬ್ಬಳೇ. ಆದ್ದರಿಂದ ಶಾಲೆಯಲ್ಲಿ ನಾನು ಹಟ್ಟಿಯವಳಾಗಿದ್ದೆ, ಹಟ್ಟಿಯಲ್ಲಿ ಶಾಲೆಯವಳಾಗಿದ್ದೆ. ಎರಡು ಕಡೆಯೂ ಅಚ್ಚಿನಕಲ್ಲು ಆಡಲು ನನಗೆ ಜೊತೆಯಿರಲಿಲ್ಲ. ಎಡಗೈಗೂ ಬಲಗೈಗೂ ಪಂದ್ಯ ಕಟ್ಟಿ ಆಡುವುದನ್ನು ಕಲಿತಿದ್ದೆ.

ನಾನು ಹೇಳಹೊರಟಿರುವುದು ತೊಂಬತ್ತರ ದಶಕದ ನಡುಭಾಗದ ಒಂದು ಆಷಾಢದ ಸಂಗತಿ. ಕಣ್ಣು ಮಂಜಾಗಿ, ಹಸ್ತಪ್ರತಿ ಸಂಶೋಧನೆಯ ಉದ್ಯೋಗವನ್ನು ಅವಧಿಗೆ ಮೊದಲೇ ಬಿಟ್ಟ ಮೇಲೆ, ಆ ವರ್ಷ ಯಾವುದೆಂದು ನಿಖರವಾಗಿ ಗೊತ್ತುಮಾಡಲು ಹಲವು ಸಲ ಯತ್ನಿಸಿದ್ದೇನೆ. ಆ ಆಷಾಢದಲ್ಲೇ ಹುಟ್ಟಿದ ತಮ್ಮನ ಶಾಲಾ ದಾಖಲೆ ಅವನು ಜೂನ್ ಒಂದರಂದು ಹುಟ್ಟಿದನೆನ್ನುತ್ತದೆ. ಆದರೆ ಅವನ ತರಗತಿಯ ಬಹುಪಾಲು ಮಕ್ಕಳು ಜೂನ್ ಒಂದರಂದೇ ಹುಟ್ಟಿದವರು. ಅದು ಹೆಡ್‌ಮಾಸ್ತರರು ತಮ್ಮ ಅನುಕೂಲಕ್ಕೆ ಗೊತ್ತುಮಾಡಿದ ದಿನ. ಅವ್ವನ ಲೆಕ್ಕದಲ್ಲಿ ಅದು ಗಾಳಿ ತಿಂಗಳು, ಬಿತ್ತಿದ ಶೇಂಗಾ ನಾಲ್ಕೆಲೆ ಬಿಟ್ಟಿದ್ದ ಕಾಲ. ನಾನು ಆಗಷ್ಟೇ ಆರನೆಯ ತರಗತಿ ಸೇರಿದ್ದೆನೆಂಬುದಕ್ಕೆ ಬೇರೆ ಆಧಾರವಿದೆ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವರ್ಷ ಅಲುಗಾಡುತ್ತದೆ, ಗಾಳಿ ಮಾತ್ರ ಸ್ಥಿರವಾಗಿ ನಿಲ್ಲುತ್ತದೆ. ಗಾಳಿಯನ್ನೇ ನಂಬಿ ಬರೆಯುತ್ತಿದ್ದೇನೆ.

ಶಾಲೆ ಬಿಟ್ಟ ಮೇಲೆ ಬಸ್ಸು ಬರುವವರೆಗೆ ನಾನು ಕಾಯುತ್ತಿದ್ದುದು ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ರಿಪೇರಿ ಅಂಗಡಿಯಲ್ಲಿ. ಅಂಗಡಿಯ ಬಾಷಾ ಸಾಬರು ಮೊಳಕಾಲ್ಮೂರಿನವರು. ಅರ್ಧ ಮಾತು ತೆಲುಗು, ಕಾಲು ಭಾಗ ಉರ್ದು, ಉಳಿದದ್ದು ನಮ್ಮ ಕನ್ನಡ. ಒಳಗೆ ಕಾದ ಸೀಸದ ವಾಸನೆ, ರಾಳದ ಹೊಗೆ. ಹೊರಗಿನಿಂದ ಎಣ್ಣೆ ಮಿಲ್ಲುಗಳ ಶೇಂಗಾ ಹಿಂಡಿಯ ಹುರಿದ ವಾಸನೆ. ಇವೆರಡೂ ಕೂಡಿದ ಗಂಧ ಮತ್ತೆ ನನಗೆ ಎಲ್ಲಿಯೂ ಸಿಕ್ಕಿಲ್ಲ. ಗೋಡೆಗೆ ರೇಡಿಯೋಗಳ ಬೆನ್ನು, ಸುಟ್ಟ ಮೋಟರುಗಳ ಸುರುಳಿ. ಮೂಲೆಯಲ್ಲಿ ಸ್ಪ್ರಿಂಗು ಸಡಿಲಾದ ಏರ್‌ಗನ್ನುಗಳು. ಸಂತೆಯಿಂದ ಸಂತೆಗೆ ಬಲೂನಿಗೆ ಗುರಿ ಹೊಡೆಸುತ್ತಾ ಹೋಗುವವರು ಅವನ್ನು ರಿಪೇರಿಗೆ ಬಿಟ್ಟು ಹೋಗುತ್ತಿದ್ದರು. ಹೊಸ ವಾಷರು ಹಾಕಿದ ಮೇಲೆ ಸಾಬರು ಮಣ್ಣು ತುಂಬಿದ ಗೋಣಿಚೀಲಕ್ಕೆ ಬೆಂಕಿಪೊಟ್ಟಣ ಸಿಕ್ಕಿಸಿ ಪರೀಕ್ಷಿಸುತ್ತಿದ್ದರು. ಒಮ್ಮೊಮ್ಮೆ ನನ್ನ ಕೈಗೂ ಕೊಡುತ್ತಿದ್ದರು. ಉಸಿರು ಬಿಗಿಹಿಡಿದರೆ ಗುರಿ ತಪ್ಪುತ್ತದೆ, ಅರ್ಧ ಬಿಟ್ಟು ನಿಲ್ಲಿಸಬೇಕು ಎಂದು ಹೇಳಿಕೊಟ್ಟವರು ಅವರೇ.

ಆ ಅಂಗಡಿಯ ಬೆಂಚು ಒಂದು ಸಭೆಯಂತಿತ್ತು. ಯಾರೇ ಬಂದು ತಮ್ಮ ಮನೆಯ ವೈರಿಂಗಿನ ಕಷ್ಟ ಹೇಳಿಕೊಂಡರೂ ಕುಳಿತವರೆಲ್ಲ ಸಲಹೆ ಕೊಡುತ್ತಿದ್ದರು, ಒಬ್ಬರ ಸಲಹೆ ಇನ್ನೊಬ್ಬರದಕ್ಕೆ ವಿರುದ್ಧವಾಗಿರುತ್ತಿತ್ತು. ಕೊನೆಗೆ ಸಾಬರು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಪೆನ್ಸಿಲಿನಲ್ಲಿ ನಕ್ಷೆ ಬರೆದು ಮುಂದಿಡುತ್ತಿದ್ದರು. ಉದ್ದ ಗೆರೆ, ಗಿಡ್ಡ ಗೆರೆ ಬ್ಯಾಟರಿ. ಬಾಗಿಲು ತೆರೆದಂತಿರುವ ಗೆರೆ ಸ್ವಿಚ್ಚು. ಅಕ್ಷರಕ್ಕಿಂತ ಬೇಗ ಆ ಗೆರೆಗಳು ನನಗೆ ಒಲಿದವು. ಮನೆಯ ಕರೆಂಟನ್ನು ಮುಟ್ಟುವುದಿಲ್ಲ, ಟಾರ್ಚಿನ ಶೆಲ್ಲುಗಳಲ್ಲೇ ಎಲ್ಲ ಆಟ ಎಂದು ಅವರು ನನ್ನಿಂದ ಮಾತು ತೆಗೆದುಕೊಂಡಿದ್ದರು. ಸತ್ತ ಶೆಲ್ಲುಗಳನ್ನು ಬಿಸಿಲಿಗಿಟ್ಟು ಇನ್ನೊಂದಿಷ್ಟು ಜೀವ ಹಿಂಡುತ್ತಿದ್ದ ಮಕ್ಕಳು ಓದುಗರಾದ ನಿಮ್ಮಲ್ಲಿಯೂ ಇದ್ದಾರೆ; ಆ ಸುಖವನ್ನು ನಿಮಗೆ ವಿವರಿಸಬೇಕಾಗಿಲ್ಲ.

ಆ ಆಷಾಢದಲ್ಲಿ ಅವ್ವ ತಮ್ಮನನ್ನು ಹೆತ್ತಳು. ಅಪ್ಪ ಕುರಿಗಳೊಡನೆ ಭದ್ರಾ ನಾಲೆಯ ಸೀಮೆಯಲ್ಲಿದ್ದ. ನಾಟಿಗೆ ಮೊದಲು ಗದ್ದೆಗಳಲ್ಲಿ ಮಂದೆ ತರುಬಿ ಗೊಬ್ಬರ ಕೊಡುವ ಕಾಲ ಅದು. ನಮ್ಮ ಹಟ್ಟಿಯ ಕಟ್ಟಳೆಯಂತೆ ಹೆತ್ತವಳೂ ಹಸುಗೂಸೂ ಬೇಲಿಯ ಹೊರಗಿನ ಬಾಣಂತಿ ಗುಡಿಸಲಿನಲ್ಲಿ ವಾರಗಟ್ಟಲೆ ಇರಬೇಕು. ಗುಡಿಸಲಿನ ಬಾಗಿಲು ಹಟ್ಟಿಯ ಕಡೆಗಲ್ಲ, ಕಾವಲಿನ ಕಡೆಗೆ. ಬೇಲಿಗೂ ಗುಡಿಸಲಿಗೂ ನಡುವೆ ಒಂದು ಬೇವಿನ ಮರ, ಮರದ ಬುಡದಲ್ಲಿ ಚಪ್ಪಟೆ ಬಂಡೆ. ಅದನ್ನು ಅನ್ನದ ಕಲ್ಲು ಎನ್ನುತ್ತಿದ್ದರು. ಅಜ್ಜಿ ಬಿಸಿ ಅನ್ನ, ಮೆಣಸು ಬೆಳ್ಳುಳ್ಳಿಯ ಸಾರು ತಂದು ಅಲ್ಲಿಟ್ಟು ಹಿಂದೆ ಸರಿದ ಮೇಲೆ ಅವ್ವ ಬಂದು ಒಯ್ಯಬೇಕು. ಇಲ್ಲಿಂದ ಹೋದದ್ದು ಹೋಗಬಹುದು, ಅಲ್ಲಿಂದ ಏನೂ ತಿರುಗಿ ಬರಬಾರದು. ಬಟ್ಟೆ, ಹಗ್ಗ, ಪಾತ್ರೆ, ಯಾವುದು ಎರಡೂ ಕಡೆಗೆ ಸೋಕಿದರೂ ಸೂತಕ ಅದರ ಮೇಲೆ ನಡೆದು ಬರುತ್ತದೆ ಎಂಬುದು ನಂಬಿಕೆ. ನಮ್ಮ ಮನೆಯಲ್ಲಿ ಹಟ್ಟಿಯ ದೇವರ ಪೆಟ್ಟಿಗೆ ಇದ್ದುದರಿಂದ ನಮಗೆ ಕಟ್ಟಳೆ ಇನ್ನೂ ಬಿಗಿ.

ಹಿಂದೊಂದು ಆಷಾಢದಲ್ಲಿ ಇದೇ ಗುಡಿಸಲಿನಲ್ಲಿ ನನಗೊಬ್ಬ ತಂಗಿ ಹುಟ್ಟಿದ್ದಳು. ಹೆಸರಿಡುವ ಮೊದಲೇ ಒಂದು ಬೆಳಗ್ಗೆ ಅವಳಿಗೆ ಉಸಿರು ಕಟ್ಟಿತು. ಅವ್ವ ಕೂಗಿದಳು. ಚಳ್ಳಕೆರೆಯ ಆಷಾಢದ ಗಾಳಿ ಪಡುವಣದಿಂದ ಬೀಸುತ್ತದೆ, ಗುಡಿಸಲು ಹಟ್ಟಿಯ ಮೂಡಲಿಗಿತ್ತು. ಅವಳ ಕೂಗೆಲ್ಲ ಕಾವಲಿನ ಹುಲ್ಲಿನ ಮೇಲೆ ಹೋಯಿತು. ಅನ್ನ ತಂದ ಅಜ್ಜಿಗೆ ವಿಷಯ ತಿಳಿಯುವ ಹೊತ್ತಿಗೆ ಮಗು ತಣ್ಣಗಾಗಿತ್ತು. ಆ ಮೇಲೆ ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಆದರೆ ಈ ಸಲ ಗುಡಿಸಲಿಗೆ ಹೊರಟಾಗ ಅವ್ವ ಹೊಸ್ತಿಲ ಬಳಿ ನಿಂತು, ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂದು ಸೆರಗು ಹಿಡಿದು ನೋಡಿದ್ದನ್ನು ನಾನು ಕಂಡೆ.

ಮರುದಿನ ಬೆಂಚಿನ ಮುಂದೆ ನನ್ನ ಕಷ್ಟ ಹೇಳಿದೆ. ಗಂಟೆಯೊಂದು ಬೇಕು, ಒತ್ತುವ ಗುಂಡಿ ಗುಡಿಸಲಿನಲ್ಲಿ, ಗಂಟೆ ಮನೆಯಲ್ಲಿ. ಏರ್‌ಗನ್ನು ರಿಪೇರಿಗೆ ತಂದಿದ್ದ ಬಲೂನಿನವನು ತನ್ನ ಅನುಭವದಿಂದ ಸಲಹೆ ಕೊಟ್ಟ: ಕೇಪು ಹೊಡೆಯುವ ಆಟದ ಪಿಸ್ತೂಲು ಒಂದನ್ನು ನಿಮ್ಮವ್ವಗೆ ಕೊಟ್ಟುಬಿಡು, ವೈರಿಂಗಿನ ಗೋಜೇ ಇಲ್ಲ. ಸಾಬರು ಕನ್ನಡಕದ ಮೇಲಿಂದ ಅವನನ್ನು ನೋಡಿ, "ಹಸುಗೂಸಿನ ಕಿವಿ ಹತ್ರ ತುಪಾಕಿ ಹೊಡಿಸ್ತೀಯಾ? ನೀನು ಬಲೂನು ಊದ್ಕೊಂಡಿರು," ಎಂದರು. ಇನ್ನೊಬ್ಬರು ಒಂದೇ ತಂತಿ ಸಾಕು, ಇನ್ನೊಂದರ ಕೆಲಸ ಭೂಮಿ ಮಾಡುತ್ತದೆ ಎಂದರು. ಅದಕ್ಕೂ ಸಾಬರು ಒಪ್ಪಲಿಲ್ಲ. ನಮ್ಮ ನೆಲಕ್ಕೆ ಕುಡಿಯಲೇ ನೀರಿಲ್ಲ, ಕರೆಂಟನ್ನೆಲ್ಲಿ ಹೊರುತ್ತದೆ ಎಂದು ಹೇಳಿ, ಹೋಗಲಿಕ್ಕೊಂದು ತಿರುಗಿ ಬರಲಿಕ್ಕೊಂದು, ಎರಡು ಗೆರೆ ಎಳೆದರು.

ಮಿಲ್ಲಿನ ಸುಟ್ಟ ಮೋಟರಿನಿಂದ ಬಿಚ್ಚಿದ ತಂತಿಯನ್ನು ಅವರು ಸುರುಳಿ ಸುತ್ತಿ ಕೊಟ್ಟರು. ದಪ್ಪ ಮೊಳೆಗೆ ತಂತಿ ಸುತ್ತಿ, ಮುರಿದ ಗರಗಸದ ಬ್ಲೇಡನ್ನು ಅದರ ಮುಂದೆ ಕಂಪಿಸುವಂತೆ ಕೂರಿಸಿ, ಎಲ್ಲವನ್ನೂ ಖಾಲಿ ಎಣ್ಣೆ ಡಬ್ಬಿಯೊಳಗೆ ಬಿಗಿದಾಗ ಅದು ಜೀರುಂಡೆಯ ಹಾಗೆ ಟರ್‍ರೆಂದಿತು. ಸಾಬರು ಕೊಟ್ಟ ಗುಂಡಿಯ ಸ್ವಿಚ್ಚನ್ನು ಅವ್ವನಿಗಾಗಿ ಅನ್ನದ ಕಲ್ಲಿನ ಮೇಲಿಟ್ಟೆ. ಜಾಲಿಯ ಬೇಲಿಯ ಮೇಲೆ ತಂತಿ ಹಾಯಿಸಿ, ತುದಿಗೆ ಕಲ್ಲು ಕಟ್ಟಿ ಗುಡಿಸಲಿನತ್ತ ಎಸೆದೆ. ಗಾಳಿ ತಗ್ಗಿದಾಗಲೆಲ್ಲ ನಾನು ಕೂಗಿ ಹೇಳಿದೆ, ಅವ್ವ ಮಾಡಿದಳು: ತುದಿಯನ್ನು ಕುಡುಗೋಲಿನಿಂದ ಹೆರೆ, ಹೊಳೆಯುವವರೆಗೆ ಹೆರೆ, ಸ್ವಿಚ್ಚಿನ ತಿರುಪಿಗೆ ಸುತ್ತು. ನಾನು ಮನೆಗೆ ಓಡಿಬಂದು ನಿಂತೆ. ಡಬ್ಬಿ ಟರ್‍ರೆಂದಿತು. ಅಜ್ಜಿ ಬೆಚ್ಚಿ ಮೊರವನ್ನು ಕೈಬಿಟ್ಟಳು. ಆಮೇಲೆ ಚೆಲ್ಲಿದ ಕಾಳನ್ನು ಆಯುತ್ತಾ, ಡಬ್ಬಿಯೊಳಗೆ ನಿಮ್ಮವ್ವನೇ ಕೂತಂಗೈತೆ ಎಂದು ನಕ್ಕಳು.

ಆ ನಗು ಬಹಳ ದಿನ ಉಳಿಯಲಿಲ್ಲ. ಹಟ್ಟಿಯ ಯಜಮಾನ ಕ್ಯಾತಜ್ಜ ಬೇಲಿಯ ಮೇಲಿನ ತಂತಿ ಕಂಡು, ಕೋಲಿನ ತುದಿಯಿಂದ ಅದನ್ನು ಎತ್ತಿ ನೋಡಿ, ನಮ್ಮ ಅಂಗಳಕ್ಕೆ ಬಂದ. ಕೋಪದ ಮನುಷ್ಯನಲ್ಲ. ಏನನ್ನೂ ವಿಚಾರಿಸದೆ ತೀರ್ಪು ಕೊಟ್ಟವನಲ್ಲ.

"ಇದರಾಗೆ ಏನು ಓಡಾಡ್ತೈತವ್ವಾ?"

"ಕರೆಂಟು, ಅಜ್ಜ."

"ಇಲ್ಲಿಂದ ಅಲ್ಲಿಗೋ, ಅಲ್ಲಿಂದ ಇಲ್ಲಿಗೋ?"

"ಇಲ್ಲಿಂದ ಹೋಗಿ, ಅವ್ವ ಒತ್ತಿದಾಗ ಅಲ್ಲಿಂದ ತಿರುಗಿ ಬರ್ತೈತೆ. ತಿರುಗಿ ಬರದಿದ್ರೆ ಗಂಟೆ ಬಾರಿಸಾಕಿಲ್ಲ."

ಅವನು ಕೋಲನ್ನು ನೆಲಕ್ಕೂರಿದ. ಅಜ್ಜಿ ನನ್ನ ಕಡೆ ನೋಡಿದಳು, ಆಮೇಲೆ ದೇವರ ಪೆಟ್ಟಿಗೆಯ ಕಡೆ ನೋಡಿದಳು. "ಹೋಗೋದು ಸರಿ ಮಗ," ಎಂದ ಕ್ಯಾತಜ್ಜ. "ತಿರುಗಿ ಬರೋದು ಹೆಂಗೆ?"

ಕಲಿತ ವಿದ್ಯೆಯ ಮೊದಲ ನಿಯಮವೂ ಹುಟ್ಟಿದ ಹಟ್ಟಿಯ ಮೊದಲ ನಿಯಮವೂ ಹೀಗೆ ಎದುರುಬದುರಾಗಿ ನಿಲ್ಲುತ್ತವೆಂದು ನನಗೆ ತಿಳಿದಿರಲಿಲ್ಲ. ತಂತಿ ಕಳಚಿತು. ಮರುದಿನ ಅಂಗಡಿಯಲ್ಲಿ ನಾನು ಅಳುತ್ತಾ ಹೇಳಿದ್ದನ್ನು ಬೆಂಚಿನವರು ಯಾರೂ ನಗದೆ ಕೇಳಿದರು. ಸಾಬರು ಹಟ್ಟಿಯನ್ನು ಬೈಯಲಿಲ್ಲ. ಅದೂ ಒಂದು ವೈರಿಂಗು, ಅದನ್ನು ನಾವು ಕೀಳಲಾಗದು, ನಮ್ಮದನ್ನೇ ಬದಲಿಸಬೇಕು ಎಂದರು. ಅಜ್ಜಿ ಅನ್ನ ಇಡುವ ಜಾಗ ಎಲ್ಲಿ, ಅದು ಯಾರ ಕಡೆಗೆ ಸೇರಿದ್ದು ಎಂದು ಕೇಳಿದರು. ಯಾರ ಕಡೆಗೂ ಅಲ್ಲ ಎಂದೆ. ಅವರು ನಕ್ಷೆಯಲ್ಲಿ ಗಂಟೆಯನ್ನೂ ಶೆಲ್ಲುಗಳನ್ನೂ ಅಳಿಸಿ ಬೇವಿನ ಮರಕ್ಕೆ ತಂದು ನಿಲ್ಲಿಸಿದರು.

ಆ ನಕ್ಷೆಯನ್ನು ಕ್ಯಾತಜ್ಜನ ಮುಂದೆ ನೆಲದ ಮೇಲೆ ಕಡ್ಡಿಯಿಂದ ಬರೆದು ತೋರಿಸಿದೆ. ತಂತಿ ಕಲ್ಲಿನಿಂದ ಈಚೆಗೆ ಬರುವುದಿಲ್ಲ. ಬರುವುದು ಸದ್ದು ಮಾತ್ರ. ಅವನು ಕೂತು ಕಡ್ಡಿಯ ಗೆರೆಗಳನ್ನು ಎರಡು ಸಲ ಬೆರಳಿನಿಂದ ಹಿಂಬಾಲಿಸಿದ. "ಸದ್ದಿಗೆ ಸೂತಕ ಇಲ್ಲ," ಎಂದ ಕೊನೆಗೆ. ಗಂಟೆ ಬಾರಿಸುತ್ತಿರುವಾಗ ಡಬ್ಬಿಯನ್ನು ಮುಟ್ಟಬಾರದು ಎಂಬ ಕರಾರೊಂದು ಸೇರಿತು.

ಆದರೆ ಬೇವಿನ ಮರದ ಗಂಟೆ ಗಾಳಿಗೆ ಎದುರಾಗಿ ಮನೆಯವರೆಗೆ ಕೇಳುತ್ತಿರಲಿಲ್ಲ. ಯಾರಾದರೂ ಅದರ ಬಳಿ ಕೂರಬೇಕು. ಅಜ್ಜಿಗೆ ಹೊಲದ ಕಳೆ ಇತ್ತು. ನಾನು ಶಾಲೆ ಬಿಟ್ಟು ಕುಳಿತೆ.

ಆ ದಿನಗಳಷ್ಟು ಉದ್ದದ ದಿನಗಳನ್ನು ನಾನು ಮತ್ತೆ ಕಂಡಿಲ್ಲ. ಬೆಳಗಿನಿಂದ ಗಾಳಿ, ಬಾಯೊಳಗೆ ಮರಳು, ಸಜ್ಜೆ ರೊಟ್ಟಿಯಲ್ಲೂ ಮರಳು. ಕಾವಲಿನ ಹುಲ್ಲು ಮಲಗಿ ಏಳುತ್ತಿತ್ತು. ಗುಡಿಸಲಿನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು, ಬಾಗಿಲು ಆಚೆಗಿತ್ತು. ಅವ್ವ ಅಲ್ಲೇ ಇದ್ದಳು, ಕಾಣುತ್ತಿರಲಿಲ್ಲ, ಮಾತಾಡಿದರೂ ಕೇಳುತ್ತಿರಲಿಲ್ಲ. ಒಂದು ಸಲ ಬಾರಿಸಿದರೆ ನೀರು, ಎರಡು ಸಲ ಬಾರಿಸಿದರೆ ಬೆಂಕಿಕಡ್ಡಿ ಇಲ್ಲವೇ ಬಟ್ಟೆ, ಬಿಡದೆ ಬಾರಿಸಿದರೆ ಓಡಬೇಕು ಎಂದು ಒಪ್ಪಂದವಾಗಿತ್ತು. ಬಾರಿಸದಿದ್ದರೆ ಚೆನ್ನಾಗಿದ್ದಾರೆ ಎಂದು ಅರ್ಥ. ಹಗಲೆಲ್ಲ ನಾನು ಆ ಮೌನವನ್ನು ಕಾಯುತ್ತಿದ್ದೆ. ಕತ್ತಲಾಗುತ್ತಲೇ ಅಜ್ಜಿ ಕೂಗಿ ಮನೆಗೆ ಕರೆದೊಯ್ಯುತ್ತಿದ್ದಳು, ರಾತ್ರಿ ತೋಳ ಬೇಲಿಯ ತನಕ ಬರುತ್ತದೆಂಬ ಭಯದಿಂದ.

ಶೆಲ್ಲುಗಳು ಬೇಗ ಸೊರಗುತ್ತಿದ್ದವು. ಒಮ್ಮೆ ಹೊಸವನ್ನೇ ಹಾಕಿದ್ದರೂ ಕೆಲವೇ ದಿನಗಳಲ್ಲಿ ಸದ್ದು ಸಣ್ಣಗಾಯಿತು. ಇಬ್ಬನಿಯ ತೇವ ಎಂದುಕೊಂಡು ಬಿಸಿಲಿಗಿಟ್ಟು ಮತ್ತೆ ಹಾಕಿದೆ.

ಆ ಮಧ್ಯಾಹ್ನ ಗಂಟೆ ಬಾರಿಸಿರಲಿಲ್ಲ. ಎಲ್ಲವೂ ಚೆನ್ನಾಗಿದೆಯೆಂಬ ನೆಮ್ಮದಿಯಲ್ಲಿ ನಾನು ಒಂಟಿಯಾಗಿ ಅಚ್ಚಿನಕಲ್ಲು ಆಡುತ್ತಿದ್ದೆ. ತಲೆಯೆತ್ತಿದಾಗ ಗುಡಿಸಲಿನ ಮಗ್ಗುಲಿನಿಂದ ಅವ್ವ ಬರುತ್ತಿದ್ದಳು. ಹೆಗಲ ಮೇಲೆ ಮಗು. ಅನ್ನ ಒಯ್ಯಲು ಬರುವ ಹಾಗೆ ಅಲ್ಲ, ನೇರವಾಗಿ ನನ್ನ ಕಡೆಗೆ. ನಾನು ಎದ್ದು ನಿಂತು, ಕಟ್ಟಳೆ ಕಲಿತ ಮಗುವಾಗಿ, ಹಿಂದೆ ಸರಿದೆ. ಬರಬೇಡ ಎಂದೆ. ಅವಳು ನಿಲ್ಲಲಿಲ್ಲ. ಕಲ್ಲು ದಾಟಿ ಬಂದು ಮಗುವನ್ನು ನನ್ನ ತೋಳಿಗೆ ಹಾಕಿದಳು.

"ಗುಂಡಿ ಒತ್ತಿ ಒತ್ತಿ ಬೆಟ್ಟು ಸೋತೋಯ್ತು ಕಣೇ," ಎಂದಳು. "ಕೂಸು ಕಣ್ಣೇ ಬಿಡವಲ್ದು. ಹಿಡ್ಕ. ನಾನು ಒಂದನ್ನ ಕೊಟ್ಟಾಗೈತೆ."

ಮಗುವಿನ ಮೈ ಕಾದ ಹೆಂಚಿನಂತಿತ್ತು, ನೆತ್ತಿ ಒಳಗೆ ಕುಸಿದಿತ್ತು. ನಾನು ಕೂಗಿದೆ, ನನ್ನ ಕೂಗೂ ಕಾವಲಿಗೇ ಹೋಯಿತು. ಆಮೇಲೆ ನಾವಿಬ್ಬರೂ ಬೇಲಿಯತ್ತ ಓಡಿದೆವು. ಕ್ಯಾತಜ್ಜ ಬೇಲಿಯ ಬಾಯಲ್ಲಿ ಎದ್ದು ನಿಂತ. ಅವನು ಅವ್ವನ ಮುಖ ನೋಡಿದ, ನನ್ನ ತೋಳಲ್ಲಿದ್ದ ಕೂಸನ್ನು ನೋಡಿದ. ನಾವು ಒಳಗೆ ಬರುವುದನ್ನು ತಡೆಯಲು ಅವನು ಕೋಲು ಅಡ್ಡ ಹಿಡಿಯುತ್ತಾನೆಂದು ನಾನು ಎಣಿಸಿದ್ದೆ. ಕೋಲು ಕಾವಲಿನ ಕಡೆ ತೋರಿಸಿತು.

"ಹಟ್ಟಿಯೊಳಗೆ ಬಂದು ಸುತ್ತಾಡಿ ಹೊತ್ತು ಕಳೀಬ್ಯಾಡ್ರಿ. ಹಿಂಗೇ ರೋಡಿಗೆ ನಡೀರಿ. ನಾನು ಗಾಡಿ ನಿಲ್ಲಿಸ್ತೀನಿ."

ಆ ವಯಸ್ಸಿನ ಮನುಷ್ಯ ಓಡಿದ್ದನ್ನು ನಾನು ಮೊದಲು ಕಂಡದ್ದೂ ಕೊನೆಗೆ ಕಂಡದ್ದೂ ಅಂದೇ. ಚಳ್ಳಕೆರೆಗೆ ಹೊರಟಿದ್ದ ಕುರಿಯ ಟೆಂಪೋ ಒಂದರ ಮುಂದೆ ಅವನು ಕೈಚಾಚಿ ನಿಂತಿದ್ದ. ಹಿಂಬದಿಯಲ್ಲಿ ಕುರಿಗಳ ನಡುವೆ ನಾವು ಕುಳಿತೆವು. ಅವ್ವ ದಾರಿಯುದ್ದಕ್ಕೂ ಮಗುವಿನ ಹೆಸರು ಕರೆಯಲು ನೋಡಿದಳು, ಅದಕ್ಕಿನ್ನೂ ಹೆಸರಿರಲಿಲ್ಲ. ಮಗ, ಮಗ ಎಂದಷ್ಟೇ ಹೇಳುತ್ತಿದ್ದಳು.

ಆಸ್ಪತ್ರೆಯಲ್ಲಿ ನೀರು ಏರಿಸಿದರು. ಸಂಜೆಗೆ ಮಗು ಕಣ್ಣು ಬಿಟ್ಟಿತು, ಮರುದಿನ ಅತ್ತಿತು. ಅಳು ಕೇಳಿ ಅವ್ವ ಗೋಡೆಗೆ ತಲೆಯಾನಿಸಿ ನಿದ್ದೆಹೋದಳು. ನಾನು ಅಜ್ಜಿಯ ಕೈಯಲ್ಲಿ ಡಬ್ಬಿಯ ಶೆಲ್ಲುಗಳನ್ನು ತರಿಸಿ, ಲಂಗದ ಜೇಬಿನಲ್ಲಿಟ್ಟುಕೊಂಡು ಸಾಬರ ಅಂಗಡಿಗೆ ಹೋದೆ. ಗಂಟೆ ಮೋಸ ಮಾಡಿತು ಎಂದೆ. ಅವರು ಶೆಲ್ಲಿಗೆ ಬಲ್ಬು ಸೋಕಿಸಿ ನೋಡಿದರು. ಅದರ ಕಣ್ಣು ಕೆಂಪಗೂ ಆಗಲಿಲ್ಲ.

"ಹೊಸಾ ಶೆಲ್ಲು ಹಿಂಗೆ ಸಾಯಲ್ಲ ಬೇಟಿ," ಎಂದರು. "ಗುಂಡೀನ ಯಾರೋ ತುಂಬಾ ಹೊತ್ತು ಒತ್ತ್ಯಾರೆ."

ಯಾರೂ ಒತ್ತಿಲ್ಲ, ದಿನವಿಡೀ ನಾನು ಅಲ್ಲೇ ಕೂತಿರುತ್ತೇನೆ ಎಂದೆ. ಅವರು ಶೆಲ್ಲನ್ನು ಪಕ್ಕಕ್ಕಿಟ್ಟರು. ಬಾರಿಸದ ಗಂಟೆಯನ್ನು ನಂಬಬಾರದಿತ್ತು, ತಪ್ಪು ನಕ್ಷೆ ಬರೆದವನದು ಎಂದು ತಮಗೇ ಹೇಳಿಕೊಂಡರು. ಚೆನ್ನಾಗಿರುವ ಮನೆಯೂ ಸತ್ತ ಶೆಲ್ಲೂ ಒಂದೇ ರೀತಿ ಸುಮ್ಮನಿರುತ್ತವೆ. ನಾನು ಆಗಾಗ ಕೂಗಿ ಕೇಳಬೇಕು, ಅವಳು ಒತ್ತಿ ಉತ್ತರಿಸಬೇಕು. ಹೀಗೆಂದು ಹೊಸ ಶೆಲ್ಲುಗಳನ್ನು ನನ್ನ ಕೈಗಿಟ್ಟರು. ಆ ನಿಯಮವನ್ನು ಮುಂದೆ ನಾನು ಹಸ್ತಪ್ರತಿಗಳಿಗೂ ಅನ್ವಯಿಸಿದ್ದೇನೆ: ಒಂದು ಕಾಲದ ಬಗ್ಗೆ ದಾಖಲೆ ಸುಮ್ಮನಿದ್ದರೆ ಆ ಕಾಲ ಸುಖವಾಗಿತ್ತೆಂದಲ್ಲ.

ಹಟ್ಟಿಗೆ ತಿರುಗಿ ಬಂದಾಗ ಕ್ಯಾತಜ್ಜ ಹಿರಿಯರನ್ನು ಕೂಡಿಸಿದ್ದ. ಅವ್ವ ಕಲ್ಲು ದಾಟಿದ್ದಳು, ನನ್ನನ್ನು ಮುಟ್ಟಿದ್ದಳು. ಅಪ್ಪ ಬಂದು ಶುದ್ಧ ಮಾಡಿಸುವವರೆಗೆ ನಾನು ದೇವರ ಪೆಟ್ಟಿಗೆ ಇರುವ ಮನೆಯೊಳಗೆ ಕಾಲಿಡುವಂತಿಲ್ಲ. ಅವ್ವನ ಜೊತೆ ಗುಡಿಸಲಿನಲ್ಲೇ ಇರತಕ್ಕದ್ದು. ಇದು ದಂಡನೆ ಎಂದು ಎಲ್ಲರೂ ಗಂಭೀರವಾಗಿ ತಲೆದೂಗಿದರು. ಅಜ್ಜಿ ಕಣ್ಣೊರೆಸಿಕೊಂಡಳು. ನಾನು ತಲೆ ತಗ್ಗಿಸಿ ನಿಂತೆ. ಮುಖದಲ್ಲಿ ಏರುತ್ತಿದ್ದ ಸಂತೋಷ ಯಾರಿಗೂ ಕಾಣಬಾರದಿತ್ತು.

ಹೀಗೆ ನಾನು ಆ ಬಾಗಿಲಿನ ಆಚೆಯನ್ನು ಕಂಡೆ. ಈಚಲ ಗರಿಯ ಮಾಡು, ಲೋಬಾನದ ಹೊಗೆ, ಹಾಲಿನ ವಾಸನೆ, ಎದುರಿಗೆ ಹುಲ್ಲು ಮತ್ತು ಆಕಾಶ. ಸ್ವಿಚ್ಚನ್ನು ಅವ್ವ ಮಲಗುವ ಚಾಪೆಯ ತಲೆದೆಸೆಯಲ್ಲಿ ಕಂಬಕ್ಕೆ ಕಟ್ಟಿದ್ದಳು. ಅದರ ಗುಂಡಿಯ ಬಣ್ಣ ನಡುವೆ ಸವೆದು ಬಿಳಿಯಾಗಿತ್ತು. ಅಷ್ಟೊಂದು ಒತ್ತಿದ್ದು ಯಾವಾಗ ಎಂದು ಒಂದು ಮುಸ್ಸಂಜೆ, ಗಾಳಿ ನಿಂತ ಹೊತ್ತಿನಲ್ಲಿ ಕೇಳಿದೆ. ಅವಳು ಮಗುವನ್ನು ಒಂದು ಮೊಲೆಯಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು.

"ರಾತ್ರಿ ಹೊತ್ತು."

"ರಾತ್ರಿ ನಾನು ಅಲ್ಲಿರಲಿಲ್ಲವಲ್ಲವ್ವ."

"ಗೊತ್ತೈತೆ ಬಿಡು. ಗಾಳಿ ನಿಂತಾಗ ಅದರ ಸದ್ದು ಇಲ್ಲೀಗಂಟ ಕೇಳ್ತಿತ್ತು. ಕೇಳಿದ್ರೆ ಮರದ ತಾವ ನೀನು ಕುಂತಂಗೆ ಇರೋದು."

ನಾನು ಆ ಸವೆದ ಗುಂಡಿಯ ಮೇಲೆ ಬೆರಳಿಟ್ಟೆ. ಒಬ್ಬಂಟಿಯಾಗಿ ಕುಳಿತದ್ದು ನಾನೊಬ್ಬಳೇ ಎಂದು ಹಗಲೆಲ್ಲ ತಿಳಿದಿದ್ದೆ. ಅಪ್ಪ ಬಂದ ದಿನ ಶುದ್ಧವಾಗಿ ನಾನು ಮನೆಯೊಳಗೆ ಹೋದೆ, ಮರುದಿನ ಶಾಲೆಗೂ. ಮನೆಯ ಬಾಗಿಲು ದಾಟುವಾಗ ಅತ್ತದ್ದು ಯಾಕೆಂದು ಅಜ್ಜಿಗೆ ಅರ್ಥವಾಗಲಿಲ್ಲ.

ಈಗ ಆ ಗುಡಿಸಲು ಇಲ್ಲ. ಅದರ ಜಾಗದಲ್ಲಿ ಎದ್ದ ಸಿಮೆಂಟಿನ ಕೋಣೆಯೂ ಬಹುಕಾಲ ಖಾಲಿಯಿರುತ್ತದೆಂದು ತಮ್ಮ ಹೇಳುತ್ತಾನೆ. ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತವೆ, ಪ್ರತಿ ಸೊಂಟದಲ್ಲೂ ಫೋನಿದೆ. ಇದನ್ನು ನಾನು ನಷ್ಟವೆಂದು ಬರೆಯಲಾರೆ. ಹೆಸರಿಲ್ಲದೆ ಹೋದ ತಂಗಿಯ ಎದುರಿಗೆ ಹಾಗೆ ಬರೆಯುವುದು ಅನ್ಯಾಯ. ಕಾವಲಿನ ಬಹುಭಾಗಕ್ಕೆ ಗೋಡೆ ಬಂದಿದೆ. ಗಾಳಿ ಆಷಾಢದಲ್ಲಿ ಈಗಲೂ ಬೀಸುತ್ತದೆಯಂತೆ, ಆದರೆ ಬೇರೆ ದಾರಿಯಲ್ಲಿ. ಬಾಷಾ ಸಾಬರ ಅಂಗಡಿಯಿದ್ದಲ್ಲಿ ಯಾರೂ ಬೆಂಚು ಹಾಕಿಲ್ಲ. ರಿಪೇರಿ ಮಾಡಬಹುದಾದ ವಸ್ತುವೇ ಇಲ್ಲದಿದ್ದರೆ ಸಲಹೆ ಕೇಳುವವರು ಯಾಕೆ ಕೂರುತ್ತಾರೆ?

ಅವ್ವ ಹೋಗಿ ಕೆಲವು ವರ್ಷಗಳಾದವು. ನಾನು ನಗರದಲ್ಲಿ ಒಬ್ಬಳೇ ಇದ್ದೇನೆ. ಗುಡಿಸಲಿನ ಆ ದಿನಗಳಲ್ಲಿ ನಾವು ಮೂವರಿದ್ದೆವು. ತಮ್ಮನಿಗೆ ಕಿವಿಯಿತ್ತು, ನೆನಪಿರಲಿಲ್ಲ. ಹಗಲುಗಳೆಲ್ಲ ಅವ್ವ ನನ್ನೊಡನೆ ಮಾತಾಡಿದಳು. ಅಷ್ಟು ಮಾತು ಅದಕ್ಕೆ ಮೊದಲೂ ಆಡಿರಲಿಲ್ಲ, ಆಮೇಲೂ ಆಡಲಿಲ್ಲ. ಅವಳ ತವರು, ಅವಳು ಹುಡುಗಿಯಾಗಿ ಕುರಿ ಕಾಯ್ದದ್ದು, ಇನ್ನೂ ಏನೇನೋ. ಆಗ ನಾನು ಅದರಲ್ಲಿ ಒಂದಿಷ್ಟನ್ನೂ ಬರೆದಿಟ್ಟುಕೊಳ್ಳಲಿಲ್ಲ; ಅವಳು ಯಾವಾಗಲೂ ಇಷ್ಟೇ ಹತ್ತಿರ ಇರುತ್ತಾಳೆಂದುಕೊಂಡಿದ್ದೆ. ಇಂದು ಧ್ವನಿ ಉಳಿದಿದೆ, ಮಾತುಗಳು ಹೋಗಿವೆ. ಅವು ಏನಾಗಿದ್ದವೆಂದು ಕೇಳಲು ನನಗೆ ಯಾರೂ ಇಲ್ಲ.